ಹುಳದ ಡಾಕ್ಟ್ರ ಮನೆಯ ಮಂಚ

"ಸಾರ್, ಧೈರ್ಯವಾಗಿ ಒಳಗೆ ಹೋಗಿ. ಒಂದೇ ಒಂದು ಹುಳ ಉಳಿದಿಲ್ಲ!"

ಔಷಧಿ ಹೊಡೆಯುವವನು ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ಮೂಗಿಗೆ ಕಟ್ಟಿದ್ದ ಬಟ್ಟೆಯನ್ನು ಕೆಳಗೆಳೆದು ಹೀಗೆಂದಾಗ ಅವನ ಮುಖದಲ್ಲಿ ಯುದ್ಧ ಗೆದ್ದು ಬಂದವನ ಕಳೆಯಿತ್ತು. ಬೇರೆ ಯಾವ ಕಚೇರಿಯಾಗಿದ್ದರೂ ಮುಖ್ಯಸ್ಥರು ಅವನ ಬೆನ್ನು ತಟ್ಟಿ ಕಾಫಿ ಕೊಡಿಸುತ್ತಿದ್ದರು. ಆದರೆ ಇದು ಕಾಡಿನ ಮರಗಳಿಗೆ ಬೀಳುವ ಕೀಟಗಳನ್ನು ಅಧ್ಯಯನ ಮಾಡುವ ತಂಡದ ಪ್ರಯೋಗಾಲಯ. ಇಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಹುಳಗಳನ್ನು ಹಸುಗೂಸುಗಳ ಹಾಗೆ ಸಾಕಿದ್ದರು.

ಮುಖ್ಯಸ್ಥರು ಒಂದೊಂದೇ ಪೆಟ್ಟಿಗೆಯ ಮುಂದೆ ಬಗ್ಗಿ ನೋಡಿದರು. ದುಂಬಿಗಳೆಲ್ಲ ಕಾಲು ಮೇಲೆ ಮಾಡಿ ಮಲಗಿದ್ದವು. ಕೊರಳಲ್ಲಿ ಸದಾ ನೇತಾಡುವ ಸ್ಟೆತಸ್ಕೋಪನ್ನು ಕಿವಿಗೆ ಸಿಕ್ಕಿಸಿ ಮರದ ತುಂಡುಗಳ ಮೇಲೆ ಒತ್ತಿ ಹಿಡಿದರು. ನಿನ್ನೆ ಸಂಜೆಯವರೆಗೆ ಒಳಗೆ ಕರಕರ ಎಂದು ಮರ ಕೊರೆಯುತ್ತಿದ್ದ ಮರಿಹುಳಗಳದ್ದೂ ಸೊಲ್ಲೇ ಇಲ್ಲ. ಮುಖ್ಯಸ್ಥರು ಸ್ಟೆತಸ್ಕೋಪನ್ನು ಕಿವಿಯಿಂದ ಕಿತ್ತು ಬಾಗಿಲ ಕಡೆ ತಿರುಗಿದರು.

"ಯಾರ್ರೀ ಇವನನ್ನ ಕರೆಸಿದ್ದು?"

"ನಾನೇ ಸಾರ್," ಎಂದು ಆಡಳಿತಾಧಿಕಾರಿ ಮುಂದೆ ಬಂದರು. ಅವರು ಕೆಲಸಕ್ಕೆ ಸೇರಿ ಇನ್ನೂ ಒಂದು ವಾರ. "ಕಮಿಟಿಯವರು ಬರೋ ದಿನ ಅಲ್ವಾ? ಇಡೀ ಕಟ್ಟಡ ಕ್ಲೀನ್ ಮಾಡಿಸ್ತಾ ಇದ್ದೆ. ಈ ರೂಮ್ ನೋಡಿದ್ರೆ, ಅಬ್ಬಬ್ಬಾ, ತುಂಬ ಹುಳ! ಅವರ ಕಣ್ಣಿಗೆ ಬಿದ್ದಿದ್ರೆ ಏನಂದ್ಕೊಳ್ತಿದ್ರು?"

"ಅವರು ಬರ್ತಿರೋದೇ ಹುಳ ನೋಡೋಕ್ಕೆ ಕಣ್ರೀ!"

ಆಡಳಿತಾಧಿಕಾರಿ ಒಂದು ಪೆಟ್ಟಿಗೆಯೊಳಗೆ ಇಣುಕಿದರು. "ಸತ್ತಿರೋದನ್ನೇ ತೋರಿಸಬಹುದಲ್ಲ ಸಾರ್? ಓಡಾಡೋದಿಲ್ಲ, ನೋಡೋರಿಗೂ ಅನುಕೂಲ."

ಮುಖ್ಯಸ್ಥರು ಹಲ್ಲು ಕಡಿದು ಏನೋ ಗೊಣಗಿದರು. ಅದು ಅಚ್ಚು ಹಾಕುವಂಥ ಉತ್ತರವಾಗಿರಲಿಲ್ಲ.

ಹೋದ ವರ್ಷ ಬಂದಾಗ, ತಂಡದ ಕೆಲಸ ಪರಿಶೀಲಿಸುವ ಈ ಕಮಿಟಿಯ ಅಧ್ಯಕ್ಷರು ಖಡಾಖಂಡಿತವಾಗಿ ಹೇಳಿ ಹೋಗಿದ್ದರು: "ಚಿತ್ರ ನೋಡಿದ್ದಾಯ್ತು, ಅಂಕಿಅಂಶ ಕೇಳಿದ್ದಾಯ್ತು. ಮುಂದಿನ ಸಲ ಮರದೊಳಗೆ ಜೀವಂತ ಹುಳ ತೋರಿಸಿ. ಇಲ್ಲಾಂದ್ರೆ ಈ ತಂಡ ಮುಚ್ಚಿ ಎಲ್ಲರನ್ನೂ ಗೋದಾಮು ವಿಭಾಗಕ್ಕೆ ಹಾಕ್ತೀವಿ." ಗೋದಾಮು ವಿಭಾಗವೆಂದರೆ ಧಾನ್ಯದ ಮೂಟೆಗಳಿಗೆ ಬೀಳುವ ನುಸಿಯ ಲೆಕ್ಕ ಇಡುವ ಜಾಗ. ಅದಕ್ಕೀಗ ಮುಖ್ಯಸ್ಥರ ಹಳೆಯ ಶಿಷ್ಯನೊಬ್ಬ ಮೇಲಧಿಕಾರಿ. ಜೀವಮಾನವೆಲ್ಲ ಕಾಡು ಸುತ್ತಿ, ಒಣಗುತ್ತಿರುವ ಒಂದೊಂದು ಮರಕ್ಕೂ ಮಗುವಿನ ಎದೆಗೆ ಕಿವಿಗೊಡುವಂತೆ ಕಿವಿಗೊಟ್ಟವರು, ಇನ್ನು ಮೇಲೆ ಮೂಟೆಗಳ ನಡುವೆ ಕೂತು ಶಿಷ್ಯನಿಗೆ "ಬಂದೆ ಸಾರ್" ಅನ್ನಬೇಕು.

ಆದರೂ ಅವರು ತಲೆಯ ಮೇಲೆ ಕೈಹೊತ್ತು ಕೂರುವ ಜಾತಿಯಲ್ಲ. ತಮಗೆ ಗೊತ್ತಿಲ್ಲದ ಹುಳ ಇನ್ನೂ ಹುಟ್ಟಿಲ್ಲ, ತಮ್ಮಿಂದ ಬಿಡಿಸಲಾಗದ ಗಂಟು ಇನ್ನೂ ಬಿದ್ದಿಲ್ಲ ಎಂಬುದು ಅವರ ದೃಢ ನಂಬಿಕೆ. ಆ ನಂಬಿಕೆಗೆ ಆಧಾರ ಕಡಿಮೆಯಿದ್ದರೂ ಅದು ಅಲ್ಲಾಡುತ್ತಿರಲಿಲ್ಲ.

"ಹೆದರಬೇಡಿ. ಊಟದ ಹೊತ್ತಿನೊಳಗೆ ಹುಳ ತರೋದು ನನ್ನ ಜವಾಬ್ದಾರಿ," ಎಂದು ತಂಡಕ್ಕೆ ಘೋಷಿಸಿದರು.

ತಂಡವೆಂದರೆ ದಂಡೇನಲ್ಲ, ಇಬ್ಬರೇ. ಒಬ್ಬ ಯಾವ ಮರವನ್ನಾದರೂ ಸರಸರ ಹತ್ತುವ ಉದ್ದ ಕಾಲಿನವನು. ಅವನನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಇನ್ನೊಬ್ಬಳು ಸೂಕ್ಷ್ಮದರ್ಶಕದ ಮುಂದೆ ಕೂರುವ ಸಹಾಯಕಿ. ಬೆಳಗಾಯಿತು ಎಂದರೂ ಕಿಟಕಿಗೆ ಹೋಗಿ ನೋಡಿಬರುವವಳಾದ್ದರಿಂದ ಅವಳಿಗೆ ಅನುಮಾನ ಎಂಬ ಹೆಸರು ಬಿದ್ದಿತ್ತು.

"ಕಾಡಿಗೆ ಹೋಗಿ ಬರೋಕ್ಕೆ ಇಡೀ ದಿನ ಬೇಕು ಸಾರ್," ಎಂದಳು ಅನುಮಾನ. ಅಷ್ಟರಲ್ಲಿ ಅವಳ ಕಣ್ಣು ಕಿರಿದಾಯಿತು. "ಸಾರ್, ನಿಮ್ಮ ಬ್ಯಾಗ್ ಮೇಲೆ ಅದೇನು ಪುಡಿ?"

ಮುಖ್ಯಸ್ಥರು ಚೀಲದ ಮೇಲಿನ ಪುಡಿಯನ್ನು ಚಿಟಿಕೆಯಲ್ಲಿ ತೆಗೆದು ಬೆರಳ ನಡುವೆ ತಿಕ್ಕಿದರು, ಮೂಸಿದರು. ಹುಳ ಮರ ಕೊರೆದಾಗ ಉದುರುವ ಪುಡಿ! ಅದೂ ಹಳಸಲಲ್ಲ, ಬೆಳಗಿನದು. ಚೀಲ ರಾತ್ರಿಯೆಲ್ಲ ಎಲ್ಲಿತ್ತು? ಮನೆಯಲ್ಲಿ, ಅತ್ತೆಯ ಮಂಚದ ಕೆಳಗೆ.

ಅತ್ತೆ ತಿಂಗಳುಗಳಿಂದ ದೂರುತ್ತಲೇ ಇದ್ದರು: "ಅಳಿಯಂದ್ರೇ, ಮಂಚದಲ್ಲಿ ಏನೋ ಕಟಕಟ ಅನ್ನತ್ತೆ." ಇವರು ಒಂದು ದಿನವೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. "ಹುಳದ ಡಾಕ್ಟ್ರ ಮನೇಲೇ ಹುಳವೇ ಅತ್ತೆ? ಅದು ನಿಮ್ಮ ಕಟ್ಟಿಸಿದ ಹಲ್ಲಿನ ಸದ್ದು," ಎಂದು ಬಾಯಿ ಮುಚ್ಚಿಸಿದ್ದರು. ಊರ ಕಾಡಿಗೆಲ್ಲ ಸ್ಟೆತಸ್ಕೋಪ್ ಇಟ್ಟವರು ಮನೆಯ ಮಂಚಕ್ಕೆ ಇಟ್ಟಿರಲಿಲ್ಲ. ದೀಪದ ಕೆಳಗೆ ಕತ್ತಲು ಅನ್ನುವುದು ಇಂಥದ್ದಕ್ಕೇ.

"ಸಿಕ್ತು!" ಎಂದು ಮುಖ್ಯಸ್ಥರು ಹೊರಗೆ ಓಡಿದರು.

ಕಚೇರಿಯ ಜೀಪು ಅಧ್ಯಕ್ಷರನ್ನು ಕರೆತರಲು ಹೋಗಿತ್ತು. ಔಷಧಿ ಹೊಡೆಯುವವನೇ ಮುಂದೆ ಬಂದ. ಆಗಿರುವ ಅನಾಹುತವನ್ನು ಅವನಿಗೆ ಯಾರೋ ವಿವರಿಸಿದ್ದರು. ಗೆದ್ದ ಕಳೆ ಇಳಿದು ಮುಖ ಸಪ್ಪಗಾಗಿತ್ತು. "ನನ್ನ ವ್ಯಾನಲ್ಲಿ ಬನ್ನಿ ಸಾರ್. ನನ್ನಿಂದಲೇ ಆಗಿದ್ದು." ವ್ಯಾನಿನ ಎರಡೂ ಮಗ್ಗುಲಲ್ಲಿ ಎಮ್ಮೆಕರುವಿನಷ್ಟು ದೊಡ್ಡ ಜಿರಳೆ ಅಂಗಾತ ಬಿದ್ದ ಚಿತ್ರವಿತ್ತು. ಮುಖ್ಯಸ್ಥರು ಕಣ್ಣು ಮುಚ್ಚಿಕೊಂಡು ಹತ್ತಿದರು.

"ತಪ್ಪಾಯ್ತು ಸಾರ್," ಎಂದು ಅವನು ದಾರಿಯುದ್ದಕ್ಕೂ ಗೋಳಾಡಿದ. "ಹುಳ ಸಾಕೋರೂ ಇರ್ತಾರೆ ಅಂತ ನನಗೇನು ಗೊತ್ತು? ನಿಮ್ಮ ಋಣ ತೀರಿಸ್ದೆ ಇದ್ರೆ ನನಗೆ ನಿದ್ದೆ ಬರಲ್ಲ."

"ನೀನು ಸುಮ್ನೆ ಗಾಡಿ ಓಡಿಸಪ್ಪ."

ಬೀದಿಯಲ್ಲಿ ಅವರು ಆ ವ್ಯಾನಿನಿಂದ ಇಳಿದದ್ದನ್ನು ಮೊದಲು ಕಂಡವರು ಪಕ್ಕದ ಮನೆಯ ನಿವೃತ್ತ ಇನ್‌ಸ್ಪೆಕ್ಟರು. ಅವರು ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ವಿಚಾರಣೆಯಿಂದಲ್ಲ. ಮುಖ್ಯಸ್ಥರ ಕೊರಳಿನ ಸ್ಟೆತಸ್ಕೋಪ್ ಕಂಡಾಗೆಲ್ಲ ಅವರಿಗೆ ಎದೆ ತೋರಿಸಬೇಕೆಂಬ ಆಸೆಯೂ ಹುಟ್ಟುತ್ತಿತ್ತು.

"ಏನು ಡಾಕ್ಟ್ರೇ, ಈ ಹೊತ್ನಲ್ಲಿ ಮನೆಗೆ? ರಾತ್ರಿಯಿಂದ ನನಗೂ ಎಡಗಡೆ ಒಂಥರಾ..."

"ನಾನು ಮರದ ಹುಳ ನೋಡೋ ಡಾಕ್ಟರು ಅಂತ ಎಷ್ಟು ಸಲ ಹೇಳ್ಲಿ!" ಎನ್ನುತ್ತ ಮುಖ್ಯಸ್ಥರು ಒಳಗೆ ನುಗ್ಗಿದರು. ಇನ್‌ಸ್ಪೆಕ್ಟರೂ ಹಿಂದೆಯೇ ಬಂದರು. ಕರೆಯದ ಮನೆಗೆ ಹೋಗುವುದು ಅವರ ಕೈಗೆ ಕೂತ ಕೆಲಸ. ಔಷಧಿ ಹೊಡೆಯುವವನು ಬಾಗಿಲಲ್ಲೇ ನಿಂತ.

ಅತ್ತೆ ಮಂಚದ ಮೇಲೆ ಕೂತು ಪತ್ರಿಕೆ ಓದುತ್ತಿದ್ದರು. ಅಳಿಯ ಬಂದವನೇ ನೆಲದ ಮೇಲೆ ಮಲಗಿ, ಮಂಚದ ಕೆಳಗೆ ತೆವಳಿ, ಕಾಲಿಗೆ ಸ್ಟೆತಸ್ಕೋಪ್ ಇಟ್ಟದ್ದನ್ನು ಕನ್ನಡಕದ ಮೇಲಿಂದ ನೋಡಿದರು.

ಕರಕರ, ಕರಕರ. ಮುಖ್ಯಸ್ಥರಿಗೆ ಸಂಗೀತ ಕೇಳಿದ ಹಾಗಾಯಿತು. ನಾಲ್ಕೂ ಕಾಲುಗಳಲ್ಲಿ ಸಂತಾನ ಸಮೃದ್ಧವಾಗಿತ್ತು.

"ಅತ್ತೆ, ಸ್ವಲ್ಪ ಕೆಳಗಿಳೀತೀರಾ? ನಿಮ್ಮ ಮಂಚದ ಒಂದು ಕಾಲು ಬೇಕಿತ್ತು."

"ಯಾಕೆ?"

"ಅದರಲ್ಲಿ... ಹುಳ ಇದೆ."

"ಏನು? ಕೇಳಿಸ್ಲಿಲ್ಲ."

"ಹುಳ ಇದೆ ಅತ್ತೆ!"

"ಇನ್‌ಸ್ಪೆಕ್ಟ್ರೇ, ನೀವು ಕೇಳಿಸಿಕೊಂಡ್ರಾ?"

"ಕೇಳಿಸಿಕೊಂಡೆ. ಬೇಕಾದ್ರೆ ಸಾಕ್ಷಿ ಹೇಳ್ತೀನಿ," ಎಂದರು ಇನ್‌ಸ್ಪೆಕ್ಟರು ಎದೆ ಸೆಟೆಸಿ.

ಅತ್ತೆ ಮಹಾರಾಣಿಯಂತೆ ಕೆಳಗಿಳಿದರು. "ನನ್ನ ಹಲ್ಲಿನ ಸದ್ದಂತೆ! ನಾನು ಹೇಳಿದಾಗ ಕಿವಿ ಇರ್ಲಿಲ್ಲ, ಈಗ ರಬ್ಬರ್ ಕಿವಿ ಹಾಕ್ಕೊಂಡು ಬಂದಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಹಾಗೆ ಮನೆ ಹುಳ ಹುಳಾನೇ ಅಲ್ಲ ಇವರಿಗೆ."

"ರೀ, ಅಮ್ಮ ಎಲ್ಲಿ ಮಲಗ್ಬೇಕು?" ಎಂದು ಹೆಂಡತಿ ಅಡುಗೆಮನೆಯಿಂದ ಬಂದಳು. "ಹುಳ ಇದೆ ಅಂದ್ಮೇಲೆ ಓಡಿಸೋದು ಬಿಟ್ಟು ಕಾಲು ಕತ್ತರಿಸ್ತೀರಾ? ಮನುಷ್ಯರಿಗೂ ಹೀಗೇನಾ ನಿಮ್ಮ ಔಷಧಿ?"

"ಕಾಲು ಸಂಜೆ ವಾಪಸ್ ತರ್ತೀನಿ ಕಣೇ. ನನ್ನ ಕೆಲಸದ ಪ್ರಶ್ನೆ!"

ಮುಖ್ಯಸ್ಥರು ಗರಗಸ ಹಿಡಿದರು. ಇನ್‌ಸ್ಪೆಕ್ಟರು ಟಾರ್ಚ್ ಹಿಡಿದರು. ಗರಗಸದ ಸದ್ದಿಗೆ ಎದುರುಮನೆಯವರು, ಮೂಲೆಮನೆಯವರು ಕಿಟಕಿಯಲ್ಲಿ ಮುಖವಿಟ್ಟರು. ಕಾಲು ಕಳಚಿ ಬಂದಾಗ ಮಂಚ ಒಂದು ಮೂಲೆಗೆ ಕುಸಿಯಿತು. ಅಲ್ಲಿಗೆ ಆಸರೆ ಕೊಡಲು ಏನು ಹುಡುಕಿದರೂ ಸರಿಯಾದ ಎತ್ತರದ್ದು ಸಿಗಲಿಲ್ಲ. ಕೊನೆಗೆ ಮುಖ್ಯಸ್ಥರು ಬೀರುವಿನ ಮೇಲಿಂದ ತಮ್ಮ ಮಹಾಪ್ರಬಂಧದ ದಪ್ಪ ದಪ್ಪ ಪ್ರತಿಗಳನ್ನು ಇಳಿಸಿ ಒಂದರ ಮೇಲೊಂದು ಪೇರಿಸಿದರು. ಬರೆದು ಅಲ್ಲಿಟ್ಟ ಮೇಲೆ ಅವನ್ನು ಯಾರೂ ಇಳಿಸಿರಲಿಲ್ಲ.

ಅತ್ತೆ ಕೂತು ಪರೀಕ್ಷೆ ಮಾಡಿದರು. "ಪರವಾಗಿಲ್ಲ, ಅಲ್ಲಾಡ್ತಿಲ್ಲ. ಚೆನ್ನಾಗಿಯೇ ಬರೆದಿದ್ದೀರಿ ಅಳಿಯಂದ್ರೇ."

ಆ ಮಹಾಪ್ರಬಂಧಕ್ಕೆ ಬಂದ ಮೊದಲ ಹೊಗಳಿಕೆ ಅದು. ಆದರೆ ಸಂತೋಷಪಡಲು ಪುರುಸೊತ್ತಿರಲಿಲ್ಲ. ಕಾಲನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮುಖ್ಯಸ್ಥರು ಮತ್ತೆ ಜಿರಳೆಯ ವ್ಯಾನು ಹತ್ತಿದರು.

ಪ್ರಯೋಗಾಲಯದಲ್ಲಿ ಟವೆಲು ಬಿಚ್ಚಿದಾಗ ಅನುಮಾನ ಮೂಗಿನ ಮೇಲೆ ಬೆರಳಿಟ್ಟಳು. "ಸಾರ್, ಇದಕ್ಕೆ ಪಾಲಿಶ್ ಇದೆ."

"ಕೆರೆದು ಹಾಕು."

"ನಡುವೆ ಕೆತ್ತನೆಯ ಗುಂಡು ಇದೆ."

"ತೊಗಟೆಯಲ್ಲಿ ಮುಚ್ಚು."

"ಇದು ನಮ್ಮ ಕಾಡಿನ ಹುಳಾನೇನಾ ಅಂತ ಒಂದ್ಸಲ ಸೂಕ್ಷ್ಮದರ್ಶಕದಲ್ಲಿ ನೋಡಿಬಿಡ್ಲಾ?"

"ನೋಡೋದಕ್ಕೆ ಟೈಮ್ ಎಲ್ಲಿದೆ? ಕೊರೆಯೋ ಹುಳ ಅಂದ್ರೆ ಕೊರೆಯೋ ಹುಳ. ಅದಕ್ಕೆ ಕಾಡೇನು, ಮಂಚವೇನು! ಕಮಿಟಿಯವರು ಕಿವಿಯಿಟ್ಟು ಕೇಳ್ತಾರೆ, ತಲೆಯಾಡಿಸ್ತಾರೆ, ಊಟದ ರುಚಿ ಹೊಗಳಿ ಹೋಗ್ತಾರೆ. ನಾನಿದ್ದೀನಲ್ಲ!"

ಏಣಿ ಹಿಂದಿನ ಅಂಗಳದ ಮರದಿಂದ ಹಸಿ ತೊಗಟೆ ಸುಲಿದು ತಂದ. ಮೂವರೂ ಸೇರಿ ಮಂಚದ ಕಾಲನ್ನು ನೀರಲ್ಲಿ ನೆನೆಸಿ, ಗೋಂದು ಬಳಿದು, ತೊಗಟೆ ಸುತ್ತಿ, ಎರಡು ಹಸಿರೆಲೆ ಸಿಕ್ಕಿಸಿ, ಮದುಮಗಳನ್ನು ಸಿಂಗರಿಸಿದಂತೆ ಸಿಂಗರಿಸಿದರು. ಗೋಂದು ಆರುವ ಮೊದಲೇ ಕಮಿಟಿ ಬಂತು.

ಕಮಿಟಿಯಲ್ಲಿ ಅಧ್ಯಕ್ಷರ ಜೊತೆ ಈ ಸಲ ಹೊಸಬರೊಬ್ಬರಿದ್ದರು: ಬಿಳಿಕೂದಲಿನ ಹಿರಿಯ ತಜ್ಞೆ. ಮರ ಕೊರೆಯುವ ದುಂಬಿಗಳ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು ಎಂದು ಹೆಸರಾದವರು. ಅವರನ್ನು ಕಂಡು ಅನುಮಾನ ಮುಖ್ಯಸ್ಥರ ಮುಖ ನೋಡಿದಳು. ಮುಖ್ಯಸ್ಥರು ಗೋಡೆ ನೋಡಿದರು.

ಅಧ್ಯಕ್ಷರು ಮೊದಲು ಸ್ಟೆತಸ್ಕೋಪ್ ಕಿವಿಗಿಟ್ಟರು. ಅವರ ಮುಖ ಅರಳಿತು. "ಆಹಾ! ಊಟ ಮಾಡ್ತಾ ಇವೆ ಕಣ್ರೀ! ಜೀವಂತ!"

ತಜ್ಞೆ ತುಂಡನ್ನು ಎತ್ತಿ, ತಿರುಗಿಸಿ, ತೊಗಟೆಯ ಕೆಳಗೆ ಉಬ್ಬಿದ್ದ ಕೆತ್ತನೆಯ ಗುಂಡನ್ನು ಸವರಿದರು. "ಇದೇನು ಇಷ್ಟು ಅಚ್ಚುಕಟ್ಟಾದ ಗಂಟು?"

"ಹುಳ ಕಚ್ಚಿದ ನೋವಿಗೆ ಮರ ಊದಿಕೊಳ್ಳುತ್ತೆ ಮೇಡಂ," ಎಂದರು ಮುಖ್ಯಸ್ಥರು ರೆಪ್ಪೆ ಮಿಟುಕಿಸದೆ.

"ಸುತ್ತಲೂ ಒಂದೇ ಸಮ ಊದಿದೆಯಲ್ಲ?"

"ನೋವು ಒಂದೇ ಸಮ ಇತ್ತು ಮೇಡಂ."

ತಜ್ಞೆ ಸಣ್ಣ ಚಾಕುವಿನಿಂದ ತುಂಡಿನ ತುದಿ ಸೀಳಿ ಒಂದು ಪುಟ್ಟ ದುಂಬಿಯನ್ನು ಹೊರತೆಗೆದರು. ಸೂಕ್ಷ್ಮದರ್ಶಕದ ಮೇಲೆ ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು. ಬಿದ್ದದ್ದು ಸೂಜಿಯಲ್ಲ, ಗೋಂದು ಬಿಟ್ಟ ಒಂದು ಎಲೆ. ಏಣಿ ಅದನ್ನು ಮೆಲ್ಲಗೆ ಕಾಲಿನಿಂದ ಮೇಜಿನಡಿಗೆ ತಳ್ಳಿದ.

"ಇದು ನಿಮ್ಮ ಕಾಡಿನ ಹುಳ ಅಲ್ಲ," ಎಂದರು ತಜ್ಞೆ ತಲೆಯೆತ್ತಿ.

ಮುಖ್ಯಸ್ಥರ ಕಣ್ಣ ಮುಂದೆ ಧಾನ್ಯದ ಮೂಟೆಗಳು ಸಾಲಾಗಿ ಬಂದು ನಿಂತವು. ಮೂಟೆಗಳ ಮೇಲೆ ಶಿಷ್ಯ ಕೂತಿದ್ದ.

"ಇದು ಮನೆಯ ಕುರ್ಚಿ, ಮೇಜು, ಮಂಚ ತಿನ್ನೋ ಹುಳ. ಒಣಗಿದ ಮರ ಬಿಟ್ಟು ಇನ್ನೊಂದಕ್ಕೆ ಬಾಯಿ ಹಾಕೋದಿಲ್ಲ." ತಜ್ಞೆಯ ದನಿ ನಡುಗುತ್ತಿತ್ತು. ಮುಖ್ಯಸ್ಥರಿಗೆ ಅದು ಸಿಟ್ಟು ಅನಿಸಿತು. ಆದರೆ ಅದು ಸಂಭ್ರಮ. "ಅಂಥ ಹುಳ ಹಸಿಮರದಲ್ಲಿ! ತೊಗಟೆ ಇರೋ ಮರದಲ್ಲಿ! ಕಾಡಿನಲ್ಲಿ! ನನ್ನ ಇಡೀ ಜೀವನದಲ್ಲಿ ಇಂಥದ್ದು ಕಂಡಿಲ್ಲ ರೀ. ಇದು ದೊಡ್ಡ ಶೋಧ!"

ಈಗ ನಿಜ ಹೇಳಿಬಿಡಬಹುದಿತ್ತು. ಹೇಳಿಬಿಡಿ ಎಂಬಂತೆ ಅನುಮಾನ ಕೆಮ್ಮಿದಳು ಕೂಡ. ಆದರೆ ಅಧ್ಯಕ್ಷರು ಆಗಲೇ ಎದ್ದುಬಂದು ಕೈಕುಲುಕುತ್ತಿದ್ದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಇಲ್ಲಿ ದೊಣ್ಣೆಯೇ ಹೂಮಾಲೆಯಾಗಿ ಕೊರಳಿಗೆ ಬೀಳುತ್ತಿರುವಾಗ ಯಾರು ತಾನೇ ತಲೆ ತಪ್ಪಿಸುತ್ತಾರೆ?

"ನನಗೂ ಮೊದಲಿಂದ ಹಾಗೇ ಅನ್ನಿಸ್ತಿತ್ತು ಮೇಡಂ," ಎಂದರು ಮುಖ್ಯಸ್ಥರು.

"ಆದ್ರೆ ಒಂದೇ ತುಂಡು ನಂಬಿ ಬರೆಯೋಕ್ಕಾಗಲ್ಲ. ಒಂದ್ಸಲ ಸಿಕ್ರೆ ಆಕಸ್ಮಿಕ, ಎರಡ್ಸಲ ಸಿಕ್ರೆ ಶೋಧ. ಆ ಜಾಗದಲ್ಲಿ ಇಂಥವು ಇನ್ನೂ ಇದ್ದಾವಾ?"

"ಇದ್ದಾವೆ ಮೇಡಂ. ಒಟ್ಟು ನಾಲ್ಕಿದ್ದವು. ಒಂದನ್ನ ಕತ್ತರಿಸಿದ್ವಿ. ಮೂರು ಇನ್ನೂ ನಿಂತಿವೆ."

"ನಾಲ್ಕಕ್ಕೂ ಹುಳ ಬಿದ್ದಿದೆಯಾ? ನೀವೇ ನೋಡಿದ್ರಾ?"

"ಪಕ್ಕದಲ್ಲೇ ಮಲಗಿ ಕಿವಿಯಾರೆ ಕೇಳಿದ್ದೀನಿ." ಆ ದಿನ ಅವರು ಆಡಿದ ಅಪ್ಪಟ ನಿಜ ಅದೊಂದೇ.

"ಹಾಗಾದ್ರೆ ನಾನು ಇವತ್ತು ಹೋಗಲ್ಲ, ಅತಿಥಿಗೃಹದಲ್ಲೇ ಉಳೀತೀನಿ. ನಾಳೆ ಬೆಳಿಗ್ಗೆ ಇನ್ನೊಂದು ತುಂಡು ತನ್ನಿ. ಹುಳ ಮಾತ್ರ ಜೀವಂತ ಇರಬೇಕು."

ಅಧ್ಯಕ್ಷರು ದನಿಗೂಡಿಸಿದರು. "ನಾಳೆ ಎರಡನೇ ತುಂಡು ಬಂದ್ರೆ ನಿಮ್ಮ ತಂಡಕ್ಕೆ ಇನ್ನು ಐದು ವರ್ಷ ಯಾರೂ ಕೈ ಹಚ್ಚೋದಿಲ್ಲ, ಅದು ನನ್ನ ಮಾತು. ಬರದಿದ್ರೆ ನಮಗೇನೋ ಸುಳ್ಳು ತೋರಿಸಿದ್ರಿ ಅಂತ ಆಗತ್ತೆ. ಆಮೇಲೆ ಗೋದಾಮೇ ಗತಿ." ಮಂಚದ ಕಾಲಿಗೆ ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ, ತಮ್ಮ ಬಳಿಯೇ ಇಟ್ಟುಕೊಂಡರು.

"ಸಾರ್, ನನಗ್ಯಾಕೋ..." ಎಂದು ಅನುಮಾನ ಶುರುಮಾಡಿದಳು.

"ನಿನಗ್ಯಾಕೋ ಯಾವಾಗ್ಲೂ ಹಾಗೇ. ಮೂರು ಕಾಲು ಇದೆಯಮ್ಮಾ! ಮೂರು!" ಎಂದು ಮುಖ್ಯಸ್ಥರು ಶಿಳ್ಳೆ ಹಾಕುತ್ತ ಮನೆಗೆ ಹೊರಟರು. ಅತ್ತೆಗೆ ಹೊಸ ಮಂಚವನ್ನೇ ತಂದುಕೊಟ್ಟರಾಯಿತು, ಹಳೆಯದನ್ನು ಇಡಿಯಾಗಿ ಕಾಡು ಮಾಡಿಬಿಟ್ಟರಾಯಿತು. ಐದು ವರ್ಷ! ದಾರಿಬದಿಯ ಮರಗಳೆಲ್ಲ ತಮಗೆ ತಲೆಬಾಗುತ್ತಿವೆ ಅನ್ನಿಸಿತು.

ಬೀದಿಯ ತಿರುವಿನಲ್ಲೇ ಮೂಗಿಗೆ ಏನೋ ಅಡರಿತು. ಬೆಳಿಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ಬಂದಿದ್ದ ಅದೇ ಘಾಟು. ಶಿಳ್ಳೆ ನಿಂತಿತು. ಮನೆಯ ಮುಂದೆ ಅಂಗಾತ ಬಿದ್ದ ಜಿರಳೆಯ ವ್ಯಾನು ನಿಂತಿತ್ತು. ಹೆಂಡತಿ ಹೊರಗೆ ಜಗಲಿಯ ಮೇಲೆ ಕೂತಿದ್ದಳು. ಅತ್ತೆಯ ಮಂಚ ಅಂಗಳದಲ್ಲಿತ್ತು, ಮೂರು ಕಾಲು ಮತ್ತು ಒಂದು ಮಹಾಪ್ರಬಂಧದ ಮೇಲೆ. ಅದರ ಮೇಲೆ ಅತ್ತೆ ಇದ್ದರು.

ಔಷಧಿ ಹೊಡೆಯುವವನು ಒಳಗಿಂದ ಓಡಿಬಂದ. ಅವನ ಮುಖದಲ್ಲಿ ಬೆಳಗಿನ ಆ ಕಳೆ ಮರಳಿತ್ತು.

"ಬಂದ್ರಾ ಸಾರ್! ನಿಮ್ಮನ್ನ ಬಿಟ್ಟು ಬಂದ್ಮೇಲೆ ಮನಸ್ಸು ತಡೀಲಿಲ್ಲ. ಋಣ ತೀರಿಸ್ತೀನಿ ಅಂದಿದ್ನಲ್ಲ? ನಿಮ್ಮ ಮಂಚಕ್ಕೆ ಹುಳ ಬಿದ್ದಿದ್ದನ್ನ ನಾನೇ ಕಿವಿಯಾರೆ ಕೇಳಿದ್ದೆ. ನಿಮಗೆ ಬೇಕಿದ್ದ ಕಾಲು ಸಿಕ್ತಲ್ಲ, ಉಳಿದ ಮೂರರ ಹುಳ ಅಮ್ಮನವರಿಗೆ ಯಾಕೆ ಕಾಟ ಕೊಡ್ಬೇಕು? ಸುಮ್ನೆ ಮೇಲೆ ಮೇಲೆ ಹೊಡೆದಿಲ್ಲ ಸಾರ್. ಒಂದೊಂದು ತೂತಿಗೂ ಸಿರಿಂಜಲ್ಲಿ ಔಷಧಿ ಬಿಟ್ಟು, ಮೇಣ ಮೆತ್ತಿದ್ದೀನಿ. ಒಂದೇ ಒಂದು ಹುಳ ಉಳಿದಿಲ್ಲ!"

ಮುಖ್ಯಸ್ಥರು ಸ್ಟೆತಸ್ಕೋಪನ್ನು ಮಂಚದ ಮೂರೂ ಕಾಲುಗಳಿಗೆ ಇಟ್ಟು ಕೇಳಿದರು. ಕೊನೆಗೆ ದಿಕ್ಕು ತೋಚದೆ ಮಹಾಪ್ರಬಂಧಕ್ಕೂ ಇಟ್ಟರು. ಎಲ್ಲೂ ಉಸಿರಿಲ್ಲ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಬೇಲಿಯಾಚೆ ನಿಂತಿದ್ದ ಇನ್‌ಸ್ಪೆಕ್ಟರ ಕಡೆ ತಿರುಗಿದರು. "ಇನ್‌ಸ್ಪೆಕ್ಟ್ರೇ, ನಿಮ್ಮದೊಂದು ಹಳೇ ಆರಾಮಕುರ್ಚಿ ಇತ್ತಲ್ಲ, ಪುಡಿ ಉದುರತ್ತೆ ಅಂತಿದ್ರಲ್ಲ? ಅದರ ಎದೆ ಸ್ವಲ್ಪ ನೋಡ್ಲಾ? ಜೊತೆಗೆ ನಿಮ್ಮದೂ ನೋಡ್ತೀನಿ."

ಇನ್‌ಸ್ಪೆಕ್ಟರು ಸಂತೋಷದಿಂದ ಅಂಗಿಯ ಗುಂಡಿ ಬಿಚ್ಚುತ್ತ ಬಂದರು. "ನನ್ನದು ನೋಡಿ ಡಾಕ್ಟ್ರೇ. ಕುರ್ಚಿ ಯೋಚನೆ ಬಿಡಿ, ಅದಕ್ಕೂ ಹೊಡೆಸಿ ಆಯ್ತು. ಎದುರುಮನೆಗೂ ಆಯ್ತು, ಮೂಲೆಮನೆಗೂ ಆಯ್ತು. ಈ ಪುಣ್ಯಾತ್ಮ ಯಾರ ಹತ್ರಾನೂ ಏನೂ ತಗೊಳ್ಳಲಿಲ್ಲ. ಎಲ್ಲ ನಿಮ್ಮ ಹೆಸರಲ್ಲಿ!"

ಮುಖ್ಯಸ್ಥರು ಮಂಚದ ಅಂಚಿನಲ್ಲಿ ಕುಸಿದು ಕೂತರು. ನಾಳೆ ಬೆಳಿಗ್ಗೆ ತಜ್ಞೆ ಚಾಕು ಹಿಡಿದು ಕಾಯುತ್ತಿರುತ್ತಾರೆ. ಅದಕ್ಕಿಂತ ಆಚೆಗೆ ಧಾನ್ಯದ ಮೂಟೆಗಳು ಕಾಯುತ್ತಿರುತ್ತವೆ.

ಅತ್ತೆ ಪತ್ರಿಕೆ ಮಡಚಿದರು. "ಅದಿರ್ಲಿ ಅಳಿಯಂದ್ರೇ, ಸಂಜೆ ವಾಪಸ್ ತರ್ತೀನಿ ಅಂದಿದ್ರಲ್ಲ, ನನ್ನ ಮಂಚದ ಕಾಲೆಲ್ಲಿ?"

"ಅದು ಈಗ... ಕಾಡಿಗೆ ಸೇರಿದ್ದು ಅಂತ ಆಗಿಹೋಯ್ತು ಅತ್ತೆ."

ಅತ್ತೆ ದೊಡ್ಡ ನಿಟ್ಟುಸಿರು ಬಿಟ್ಟರು.

"ಊರು ಹೋಗು ಅನ್ನತ್ತೆ, ಕಾಡು ಬಾ ಅನ್ನತ್ತೆ ಅನ್ನೋ ವಯಸ್ಸು ನನಗೆ ಬಂದು ಎಷ್ಟೋ ಕಾಲ ಆಯ್ತು. ನಾನಿನ್ನೂ ಇಲ್ಲೇ ಕೂತಿದ್ದೀನಿ. ಕಾಲು ಮಾತ್ರ ಆಗಲೇ ಹೊರಟುಹೋಯ್ತಲ್ಲ!"